ಕಪ್ಪು ಕಲ್ಲಿನ ಹಳದಿ ಹೊಳಪು

ಮೇಣ ಕರಗಿತ್ತು. ಯಶೋದಾ ಒಲೆಯ ಉರಿ ಸಣ್ಣ ಮಾಡಿ, ರೊಟ್ಟಿ ಸುತ್ತುವ ಬೆಳ್ಳಿ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ ಕಲ್ಲಿನ ತುಂಡಿಗೆ ದಾರ ಕಟ್ಟಿ ಪಾತ್ರೆಯೊಳಗೆ ಇಳಿಬಿಟ್ಟಳು. ಮೇಲೆತ್ತಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಹಿಡಿದು, ಮತ್ತೆ ಅದ್ದಿದಳು. ಎದುರಿಗೆ ಗೋಡೆಗೊರಗಿ ಕೂತಿದ್ದ ಗಂಡ ನಿಂಗರಾಜ ಕೈ ಚಾಚಿದ. ಅವಳು ಕಲ್ಲನ್ನು ಅವನ ಅಂಗೈಯಲ್ಲಿಟ್ಟಳು. ಅವನು ಹೆಬ್ಬೆರಳಿನಿಂದ ಸುತ್ತಲೂ ಸವರಿ, ಒಂದು ಮೂಲೆಯಲ್ಲಿ ಬೆರಳು ನಿಲ್ಲಿಸಿ, ವಾಪಸು ಕೊಟ್ಟ. ಅಲ್ಲಿ ಮೇಣ ತೆಳ್ಳಗಾಗಿತ್ತು. ಅವಳು ಆ ಮೂಲೆಯೊಂದನ್ನೇ ಇನ್ನೊಮ್ಮೆ ಅದ್ದಿ ಕಿಟಕಿಯ ಕಟ್ಟೆಯ ಮೇಲೆ ಆರಲಿಟ್ಟಳು. ಇಷ್ಟಾದರೂ ಇಬ್ಬರಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಟ್ಟವಳು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಯಮನಮ್ಮ. ಪಕ್ಕದ ಮನೆಯವಳಿಗೆ ಕೇಳುವಂತೆ ಹೇಳುತ್ತಿದ್ದಳು: "ದೇವದುರ್ಗದಾಗ ಕಲ್ಲಿಗಿ ಬರ ಬಂದಿತ್ತೇನವ್ವಾ, ನನ್ನ ಮಗ ಆಂಧ್ರದಿಂದ ಕಲ್ಲು ತರಿಸ್ಯಾನ! ತರಿಸಿ ಮತ್ತ ಅದಕ ಮೇಣದ ಅಂಗಿ ಹೊಲಿಸಾಕತ್ತಾನ!"

ಮಾತೇನೋ ಸುಳ್ಳಲ್ಲ. ನಿಂಗರಾಜನ ಊರು ದೇವದುರ್ಗ ತಾಲ್ಲೂಕಿನ ಗೂಗಲ್. ಕುರಿ ಕಾಯುವ ಮನೆತನ. ಹುಡುಗನಾಗಿದ್ದಾಗ ಅವನು ಕುರಿ ಹಿಂದೆ ಏರಿದ ಗುಡ್ಡಗಳೆಲ್ಲ ಬೆಂಕಿಯಲ್ಲಿ ಬೆಂದು ಹೆಪ್ಪುಗಟ್ಟಿದ ಕಲ್ಲು. ಅದರೊಳಗೆ ಒಂದು ಹನಿ ಎಣ್ಣೆಗೂ ಜಾಗವಿಲ್ಲ. ಓದಿ ಭೂವಿಜ್ಞಾನಿಯಾದ ಮೇಲೆ ಅವನು ಬೆನ್ನು ಹತ್ತಿದ್ದು ಗೋದಾವರಿಯ ಮುಖಜ ಭೂಮಿಯ ಕೆಳಗಿನ ಶೇಲ್ ಎಂಬ ಕಲ್ಲನ್ನು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರಿನ ತಳದಲ್ಲಿ ಕೂತ ಕೆಸರು ಒತ್ತಡಕ್ಕೆ ಸಿಕ್ಕಿ ಹಾಳೆ ಹಾಳೆಯಾಗಿ ಕಲ್ಲಾದದ್ದು ಅದು. ಬೇರೆ ಗ್ಯಾಸು, ಎಣ್ಣೆ ತಾವು ಹುಟ್ಟಿದ ಕಲ್ಲು ಬಿಟ್ಟು ಮೇಲಿನ ಮರಳುಗಲ್ಲಿಗೆ ಬಂದು ತುಂಬಿಕೊಳ್ಳುತ್ತವೆ. ಶೇಲ್ ಗ್ಯಾಸು ಹಾಗಲ್ಲ, ಹುಟ್ಟಿದ ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಅಲ್ಲಿ ಕೊರೆದ ಒಂದು ಬಾವಿಯ ತೀರ ಕೆಳಗಿನ ಪದರ ಬರಿದಾಗಿದೆ ಎಂದು ಕಂಪನಿಯ ಉಳಿದವರೆಲ್ಲ ಹೇಳುತ್ತಿದ್ದರು. ಇಲ್ಲ, ಅದರಲ್ಲಿ ಇನ್ನೂ ಇದೆ ಎಂದು ಎಂಟು ವರ್ಷ ಒಬ್ಬನೇ ಹೇಳುತ್ತ ಬಂದವನು ನಿಂಗರಾಜ. ಕಡೆಗೆ ಕಂಪನಿ ಆ ಪದರದಿಂದ ಕೊರೆದು ತೆಗೆದ ಕಲ್ಲುಗಳನ್ನು ಪೆಟ್ಟಿಗೆಗೆ ತುಂಬಿ ಅವನಿಗೇ ಕಳಿಸಿತು. ನೋಡಿ ವರದಿ ಕೊಡು, ಏನೂ ಸಿಗದಿದ್ದರೆ ಬಾವಿಗೆ ಸಿಮೆಂಟು ಸುರಿದು ಮುಚ್ಚುತ್ತೇವೆ ಎಂದಿತು.

ಕಂಪನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಿಂಗರಾಜನಿಗೆ ನೋಡುವುದಕ್ಕೆ ಕಣ್ಣೇ ಉಳಿದಿರಲಿಲ್ಲ. ಕಣ್ಣೊಳಗಿನ ಪರದೆ ನಟ್ಟನಡುವೆ ಸವೆದು ಹೋಗಿತ್ತು. ನೇರ ನೋಡಿದರೆ ಮಸಿ ಬಳಿದಂತೆ. ಓರೆಯಾಗಿ ನೋಡಿದರೆ ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಮನೆಯೊಳಗೆ ಓಡಾಡುತ್ತಿದ್ದ, ಚಹಾ ಬಸಿದುಕೊಳ್ಳುತ್ತಿದ್ದ. ಅಕ್ಷರ ಕಾಣುತ್ತಿರಲಿಲ್ಲ, ಮುಖ ಕಾಣುತ್ತಿರಲಿಲ್ಲ. ಇದು ತಿಳಿದರೆ ಮರುದಿನವೇ ಕೆಲಸ ಹೋಗುತ್ತದೆಂದು ಅವ್ವನಿಗೆ ಹುಷಾರಿಲ್ಲ ಎಂಬ ನೆವ ಹೇಳಿ ಪೆಟ್ಟಿಗೆಗಳನ್ನು ರಾಯಚೂರಿನ ಮನೆಗೇ ತರಿಸಿಕೊಂಡಿದ್ದ. ನೋಡುವ ಕೆಲಸ ಯಶೋದಾಳ ಪಾಲಿಗೆ ಬಂತು.

ಯಶೋದಾ ಮಾನ್ವಿ ಕಡೆಯ ಮಲ್ಲಟದವಳು. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು. ಬಂದ ನೆಂಟರ ಮುಂದೆ ನಿಲ್ಲಲೂ ನಾಚುತ್ತಿದ್ದ ಹುಡುಗಿ, ಬಾಗಿಲ ಸಂದಿಯಿಂದ ಎಲ್ಲರ ಮುಖ ನೋಡುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಳು. ಮದುವೆಯಾಗಿ ನಾಲ್ಕು ವರ್ಷವಾದರೂ ಗಂಡ ಅವಳನ್ನು ಕೇಳಿದ್ದು ಉಪ್ಪು, ನೀರು, ಇಸ್ತ್ರಿ ಅಂಗಿ. ಅವನು ಬಾವಿಯ ಕೆಲಸವೆಂದು ತಿಂಗಳುಗಟ್ಟಲೆ ಹೊರಗಿರುತ್ತಿದ್ದ. ಬಂದರೆ ಲ್ಯಾಪ್‌ಟಾಪಿನ ಮುಂದಿರುತ್ತಿದ್ದ. ಕಣ್ಣು ಹೋದ ಮೇಲೆಯೇ ಅವನು ಅವಳ ಕಡೆ ತಿರುಗಿದ್ದು ಎಂದರೆ ಕೇಳುವವರಿಗೆ ವಿಚಿತ್ರವೆನಿಸಬಹುದು.

ಮೊದಲ ಪೆಟ್ಟಿಗೆಯಲ್ಲಿ ಏನೂ ಸಿಕ್ಕಿರಲಿಲ್ಲ. ಅವತ್ತು, ಪ್ರಯೋಗಶಾಲೆಗೆ ಹೋಗುವ ತುಂಡುಗಳ ಒಳಗಿನ ಪಸೆ ಆರದಂತೆ ಹಚ್ಚುವ ಮೇಣದ ಕೆಲಸ ಮುಗಿಸಿ ಇಬ್ಬರೂ ಎರಡನೆಯ ಪೆಟ್ಟಿಗೆಗೆ ಕೈ ಹಾಕಿದರು. ಅದನ್ನು ಹಿಂದಿನ ವಾರವೇ ಬಿಚ್ಚಿ, ಕಲ್ಲುಗಳನ್ನು ಉಗ್ರಾಣದ ನೆಲದ ಮೇಲೆ ಸಾಲಾಗಿ ಇಟ್ಟು, ಕಣ್ಣು ತೋರಿಸಲೆಂದು ಗಂಡ ಹೆಂಡತಿ ಹೈದರಾಬಾದಿಗೆ ಹೋಗಿಬಂದಿದ್ದರು. ಅಲ್ಲಿನ ಡಾಕ್ಟರು ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು.

ಉಗ್ರಾಣದ ಕಿಟಕಿಗೆ ಕರಿ ಕಂಬಳಿ ಹೊದಿಸಿದ್ದರು. ಹೊರಗೆ ರಾಯಚೂರಿನ ಬಿಸಿಲು ಹಂಚು ಕಾಸುತ್ತಿದ್ದರೂ ಒಳಗೆ ಗವ್ ಎನ್ನುವ ಕತ್ತಲು. ಅಲ್ಲಿ ನೇರಳೆ ದೀಪ ಹಿಡಿದು ಕಲ್ಲು ನೋಡಬೇಕು. ಗ್ಯಾಸು ಹೊಳೆಯುವುದಿಲ್ಲ. ಆದರೆ ಅದರ ಜೊತೆ ಎಣ್ಣೆಯ ಪಸೆ ಉಳಿದಿದ್ದರೆ ಆ ದೀಪಕ್ಕೆ ಹಳದಿಯಾಗಿ ಹೊಳೆಯುತ್ತದೆ ಎಂದು ಅವನು ಹೇಳಿಕೊಟ್ಟಿದ್ದ.

"ಏನ್ ಕಾಣಾಕತ್ತಾದ?" ಎಂದ.

"ಕರ್ರಗದರೀ."

"ಮುಂದಿಂದು?"

ಯಶೋದಾ ದೀಪ ಸರಿಸಿದಳು. ಸರಿಸಿದವಳು ಹಾಗೇ ನಿಂತಳು.

"ಹಳದಿ ಅದರೀ."

"ಏನಂದಿ?"

"ಹಳದಿ. ಬಂಗಾರದಂಗ ಹೊಳಿಯಾಕತ್ತಾದ."

ನಿಂಗರಾಜ ನೆಲದ ಮೇಲೆ ಕೈಯೂರಿ ಮಗುವಿನಂತೆ ಅಂಬೆಗಾಲಿಕ್ಕಿ ಹತ್ತಿರ ಬಂದ. "ಪದರದ ಗುಂಟ ಅದನೋ, ಮ್ಯಾಲ ಮ್ಯಾಲ ಅದನೋ? ಸರಿಯಾಗಿ ನೋಡು ಯಶೋದಾ."

ಅವಳಿಗೆ ಅದು ತಿಳಿಯಲಿಲ್ಲ. ಹೊಳಪು ಅಲ್ಲಲ್ಲಿ ಇತ್ತು. ಗುಂಟ ಎಂದರೆ ಗುಂಟ, ಮೇಲೆ ಎಂದರೆ ಮೇಲೆ. ಅವಳು ಕಲ್ಲು ಬಿಟ್ಟು ಅವನ ಮುಖ ನೋಡಿದಳು. ಎರಡರಲ್ಲಿ ಯಾವುದು ಅವನಿಗೆ ಬೇಕಾದದ್ದು ಎಂಬುದು ಅಲ್ಲಿ ಕಾಣುತ್ತಿತ್ತು.

"ಗುಂಟ ಅದರೀ," ಎಂದಳು.

ಅವನು ತಡವರಿಸುತ್ತಾ ಸೀಸೆ ತೆಗೆದು ಕಲ್ಲಿನ ಮೇಲೆ ಎಣ್ಣೆ ಕರಗಿಸುವ ದ್ರಾವಕ ಎರಡು ಹನಿ ಬಿಟ್ಟ. "ಈಗ? ಹರಿಯಾಕತ್ತಾದೇನು?"

"ಹೂನ್ರೀ. ಹೊಗಿ ಎದ್ದಂಗ ಹಳದಿ ಹರಿಯಾಕತ್ತಾದ." ಇದು ಮಾತ್ರ ಅವಳು ಕಂಡದ್ದು ಕಂಡ ಹಾಗೆಯೇ ಹೇಳಿದ್ದು.

ಅವನು ಗೋಡೆಗೊರಗಿ ಕತ್ತಲಲ್ಲಿ ನಕ್ಕ. "ಎಂಟು ವರ್ಷ," ಎಂದ. ಆಮೇಲೆ ಅವಳ ಕೈ ಹುಡುಕಿ ಹಿಡಿದುಕೊಂಡ. ಹಗಲು ಹೊತ್ತಿನಲ್ಲಿ ಅವನು ಹಾಗೆ ಕೈ ಹಿಡಿದದ್ದು ಅದೇ ಮೊದಲು.

ಅಲ್ಲಿಂದ ಮನೆಯ ಗಾಳಿಯೇ ಬೇರೆಯಾಯಿತು. ಸಾಲಿನ ಹೆಚ್ಚು ಕಲ್ಲುಗಳಲ್ಲಿ ಅದೇ ಹಳದಿ. ಅವಳು ಹೇಳಿದ್ದನ್ನು ಅವನು ಮೊಬೈಲಿಗೆ ಹೇಳಿ ದಾಖಲು ಮಾಡಿಕೊಳ್ಳುತ್ತಿದ್ದ. ಸಂಜೆ ಮಾಳಿಗೆಯ ಮೇಲೆ ಕೂತು, "ಕೋಟಿ ಮ್ಯಾಲ ಏನದ? ಆಕಾಶ ಯಾ ಬಣ್ಣ ಆಗೇದ?" ಎಂದು ಕೇಳುತ್ತಿದ್ದ. ಅವಳು ನಾಚುತ್ತ ನಾಚುತ್ತ ಹೇಳುತ್ತಿದ್ದಳು: ಕೋಟೆ ಗುಡ್ಡದ ಮೇಲೆ ಹುಡುಗರು ಪಟ ಹಾರಿಸುತ್ತಿದ್ದಾರೆ, ಒಂದು ಪಟ ವೈರಿಗೆ ಸಿಕ್ಕಿದೆ, ಎದುರುಮನೆಯವಳು ಒಣಹಾಕಿದ ಸೀರೆಯನ್ನು ಮಂಗ ಎಳೆಯುತ್ತಿದೆ. ಅವನು ಬಿದ್ದು ಬಿದ್ದು ನಗುತ್ತಿದ್ದ. "ನೀ ಇಷ್ಟು ಮಾತಾಡ್ತಿ ಅಂತ ನನಗ ಗೊತ್ತೇ ಇರಲಿಲ್ಲಲ್ಲಬೇ!" ಎನ್ನುತ್ತಿದ್ದ. ನನಗೂ ಗೊತ್ತಿರಲಿಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

ಒಂದು ಶುಕ್ರವಾರ ಯಶೋದಾ ತಲೆಗೆ ನೀರು ಹಾಕಿಕೊಂಡು, ವಾರವಾರದಂತೆ ತಾಳಿಯ ದಾರಕ್ಕೆ ಅರಿಶಿಣ ಹಚ್ಚಿಕೊಂಡು ಉಗ್ರಾಣಕ್ಕೆ ಬಂದಳು. ದೀಪ ಹಿಡಿದು ಬಗ್ಗಿದಾಗ ತಾಳಿ ಕುಪ್ಪಸದಿಂದ ಜಾರಿ ಮುಂದಕ್ಕೆ ತೂಗಿತು. ಕತ್ತಲಲ್ಲಿ ಆ ದಾರ ಹಳದಿಯಾಗಿ, ಬಂಗಾರದಂತೆ ಉರಿಯಿತು.

ಕಲ್ಲಿನ ಮೇಲಿದ್ದದ್ದೂ ಅದೇ ಹಳದಿ. ಅವಳು ಉಗುರು ನೋಡಿಕೊಂಡಳು. ಉಗುರಿನ ಸಂದಿಯಲ್ಲೂ ಅದೇ.

"ಯಾಕ, ಸುಮ್ಮನಾದಿ? ಹೇಳು," ಎಂದ ನಿಂಗರಾಜ.

"ಹಳದಿ ಅದರೀ," ಎಂದಳು. ತಾಳಿಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು.

ಮಧ್ಯಾಹ್ನ ಅವನು ಮಲಗಿದ ಮೇಲೆ ಅವಳು ಅತ್ತೆಯ ಹತ್ತಿರ ಹೋಗಿ ಕೂತಳು. "ಅತ್ತಿ, ಉಗ್ರಾಣದಾಗಿನ ಕಲ್ಲಿಗಿ ಏನರ ಹಚ್ಚೀರೇನು?"

ಯಮನಮ್ಮ ಮೊದಲು ಬಾಗಿಲ ಕಡೆ ನೋಡಿದಳು. "ಭಂಡಾರ ಹಚ್ಚೀನವ್ವಾ. ನೀವು ದವಾಖಾನಿಗಿ ಹ್ವಾದ ದಿನ." ಭಂಡಾರವೆಂದರೆ ದೇವರ ಮುಂದಿಟ್ಟ ಅರಿಶಿಣದ ಪುಡಿ. ಅವರ ಮನೆತನದಲ್ಲಿ ಹೊಸ ಕುರಿ ಬರಲಿ, ಹೊಸ ಕಂಬಳಿ ಬರಲಿ, ಭಂಡಾರ ಹಚ್ಚದೆ ಒಳಗೆ ತೆಗೆದುಕೊಳ್ಳುವುದಿಲ್ಲ. "ಯಾ ಭೂಮಿಯವೋ ಏನೋ, ಮನಿಯೊಳಗ ಬಂದಾವ. ನನ್ನ ಮಗನ ಕಣ್ಣು ಬ್ಯಾರೆ ಹಿಂಗಾಗ್ಯಾವ. ಒಂದೊಂದಕ್ಕೂ ಹಚ್ಚಿ, ಆಂವ ಬೈತಾನಂತ ಸೆರಗಿಲೆ ಒರಿಸೀನಿ. ಕಣ್ಣಿಗಿ ಕಾಣಂಗಿಲ್ಲ ಬಿಡು. ಹೇಳಬ್ಯಾಡ ನನ್ನವ್ವಾ ಆಂವಗ. ಕಲಿತಾಂವ, ಸಿಟ್ಟಿಗೇಳ್ತಾನ."

ಹೇಳಬೇಕು ಎಂದು ಯಶೋದಾ ಅವತ್ತೇ ನಿಶ್ಚಯಿಸಿದಳು. ಸಂಜೆ ಹೇಳೋಣ ಎಂದುಕೊಂಡಳು. ಸಂಜೆ ಅವನು ಗೋಡೆ ಹಿಡಿದುಕೊಂಡು ಒಬ್ಬನೇ ತೀನ್ ಕಂದೀಲ್ ಸರ್ಕಲ್ಲಿನವರೆಗೆ ಹೋಗಿ ಅವಳಿಗೆ ಮಲ್ಲಿಗೆ ತಂದಿದ್ದ. ನಾಳೆ ಹೇಳೋಣ ಎಂದುಕೊಂಡಳು. ಮೇಲೆ ಅರಿಶಿಣವಿದ್ದರೇನು, ಕೆಳಗೆ ಎಣ್ಣೆಯೂ ಇರಬಾರದೇಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೀಗೆ ದಿನ ಸರಿದವು.

ಕಲ್ಲುಗಳನ್ನು ಹೈದರಾಬಾದಿನ ಪ್ರಯೋಗಶಾಲೆಗೆ ಕಳಿಸುವ ಹಿಂದಿನ ದಿನ ನಿಂಗರಾಜ ಸುತ್ತಿಗೆ ಕೇಳಿದ.

"ಹೊಳಪು ಕಂಡ್ರ ಕಲ್ಲು ಒಡದು ಒಳಗಿನ ಮಗ್ಗಲಾ ನೋಡಬೇಕು. ಮ್ಯಾಲಿನ ಹೊಲಸು ಎಷ್ಟೋ ಸಲ ಮೋಸ ಮಾಡ್ತದ. ಇದೊಂದು ಉಳದಾದ. ಒಳಗ ಹಳದಿ ಇತ್ತಂದ್ರ ಮುಗೀತು, ಯಾ ಮಗನೂ ನನ್ನ ಬಾವಿ ಮುಚ್ಚಂಗಿಲ್ಲ."

ಕೈಯಿಂದ ಸವರಿ ಜಾಗ ಗೊತ್ತುಮಾಡಿಕೊಂಡು ಒಂದೇ ಪೆಟ್ಟು ಹಾಕಿದ. ಕಲ್ಲು ಪುಸ್ತಕ ತೆರೆದಂತೆ ಎರಡಾಯಿತು. ಅವಳು ದೀಪ ಹಿಡಿದಳು. ಒಳಗೆ ಅಮಾವಾಸ್ಯೆಯಂಥ ಕಪ್ಪು. ದೀಪ ಹತ್ತಿರ ತಂದಳು, ಓರೆ ಮಾಡಿದಳು, ಉಸಿರು ಬಿಗಿಹಿಡಿದು ಹುಡುಕಿದಳು. ಎಲ್ಲಿಯೂ ಒಂದು ಚುಕ್ಕೆಯಿಲ್ಲ.

"ಯಶೋದಾ?"

ಅವನು ಮುಖ ಸ್ವಲ್ಪ ಓರೆಯಾಗಿಟ್ಟುಕೊಂಡು, ಕಣ್ಣಂಚಿನಲ್ಲಿ ಅವಳನ್ನು ಹಿಡಿಯಲು ಹೆಣಗುತ್ತಿದ್ದ. ತುಟಿ ಆಗಲೇ ನಗುವಿಗೆ ಅಣಿಯಾಗಿತ್ತು. ಈಗ ಇಲ್ಲವೆಂದರೆ ಬಾವಿ ಮುಚ್ಚುತ್ತದೆ, ಆ ಮುಖವೂ ಮುಚ್ಚುತ್ತದೆ, ನಾಳೆಯಿಂದ ಮತ್ತೆ ಉಪ್ಪು, ನೀರು, ಇಸ್ತ್ರಿ ಅಂಗಿ.

"ಒಳಗೂ ಅದರೀ," ಎಂದಳು.

ಅವನು ವರದಿ ಹೇಳಿ ಮುಗಿಸಿದ. ಕಂಪನಿಯವರ ಜೊತೆ ಫೋನಿನಲ್ಲಿ ಮಾತಾಡುವಾಗ, ಕಲ್ಲು ಒಡೆದು ಖುದ್ದು ಕಣ್ಣಾರೆ ನೋಡಿದ್ದೇನೆ ಎಂದು ಹೇಳುವುದನ್ನು ಅವಳು ಬಾಗಿಲ ಹಿಂದೆ ನಿಂತು ಕೇಳಿದಳು. ಬಾವಿ ಮುಚ್ಚುವುದನ್ನು ನಿಲ್ಲಿಸಿ, ಆ ಪದರವನ್ನೇ ಒಡೆದು ಗ್ಯಾಸು ತೆಗೆದು ನೋಡುವುದೆಂದು ಕಂಪನಿ ಒಪ್ಪಿತು. ಪ್ರಯೋಗಶಾಲೆಯ ಫಲಿತಾಂಶವೊಂದು ಬರುವುದು ಬಾಕಿ ಇತ್ತು.

ಅದನ್ನು ಹೊತ್ತು ತಂದವನು ರಾಹಿಲ್. ರಾಯಚೂರಿನ ಕಾಲೇಜಿನಲ್ಲಿ ನಿಂಗರಾಜನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಈಗ ಅದೇ ಪ್ರಯೋಗಶಾಲೆಯಲ್ಲಿ ಕೆಲಸ. ಫೋನು ಮಾಡುವುದು ಬಿಟ್ಟು ಭಾನುವಾರ ರೈಲು ಹತ್ತಿ ಬಂದಿದ್ದಾನೆಂದರೆ ಒಳ್ಳೆಯ ಸುದ್ದಿಯಲ್ಲ ಎಂದು ಯಶೋದಾಳಿಗೆ ಅವನು ಚಪ್ಪಲಿ ಬಿಡುವಾಗಲೇ ತಿಳಿಯಿತು.

"ಬರ್ರಿ ಅಣ್ಣಾ."

"ಹೆಂಗಿದ್ದೀರಿ ಭಾಬಿ? ತಗೋರಿ, ಉಸ್ಮಾನಿಯಾ ಬಿಸ್ಕಿಟ್," ಎಂದು ಪೊಟ್ಟಣ ಕೊಟ್ಟು ಒಳಗೆ ಹೋದ. "ಲೇ ನಿಂಗ್ಯಾ, ಏನಲೇ, ಕಲ್ಲಿಗಿ ಮಸಾಲಿ ಹಾಕಿ ಕಳಿಸೀಯಲ್ಲ, ಬಿರ್ಯಾನಿ ಮಾಡಂತೀಯೇನು ನನಗ?"

ನಿಂಗರಾಜ ನಕ್ಕ. ರಾಹಿಲ್ ನಗಲಿಲ್ಲ.

"ಚ್ಯಾಷ್ಟಿ ಅಲ್ಲ ದೋಸ್ತ. ಯಂತ್ರದಾಗ ಎಣ್ಣಿ ಒಂದ್ ಹನಿ ಬರಲಿಲ್ಲ. ಗ್ಯಾಸಂತೂ ಇಲ್ಲೇ ಇಲ್ಲ. ಹಳದಿ ಮಾತ್ರ ಬಂತು. ಏನಿದು ಅಂತ ತಲಿ ಕೆಟ್ಟು, ಕಡೀಕ ಸುಣ್ಣದ ನೀರು ಹಾಕಿದೆ. ಓಕುಳಿಯಂಗ ಕೆಂಪಾತು. ಅರಿಶಿಣ ಅದು ನಿಂಗ್ಯಾ. ಅಡಗಿಮನಿ ಅರಿಶಿಣ."

ರಾಹಿಲ್ ಅವನ ಹತ್ತಿರಕ್ಕೆ ಸರಿದು ಕೂತ.

"ಅಲ್ಲಲೇ, ಜೂನಿಯರ್ ಹುಡುಗೂರಿಗೆ ನೀನೇ ಹೇಳತಿದ್ದಿ, ಮೊದಲು ಒಡದು ನೋಡ್ರಿ ಅಂತ. ಒಡದು ನೋಡಿದ್ಯೋ ಇಲ್ಲೋ?"

ನಿಂಗರಾಜ ಮುಖವನ್ನು ಮೆಲ್ಲಗೆ ಅಡುಗೆಮನೆಯ ಕಡೆ ತಿರುಗಿಸಿದ. ಯಶೋದಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖ ಅವನಿಗೆ ಕಾಣುವಂತಿರಲಿಲ್ಲ. ಆದರೂ ತನ್ನ ಮುಖವನ್ನು ಆ ಕಡೆಗೇ ಹಿಡಿದಿದ್ದ.

"ನೋಡೀನಿ," ಎಂದ ಕಡೆಗೆ.

"ನೋಡಿದ್ರ ಹೆಂಗ ತಪ್ತದ? ಇಲ್ಲಿ ನೋಡು, ಫೋಟೋ ತಂದೀನಿ. ಒಳಗೆಲ್ಲ ಕರ್ರಗದ." ರಾಹಿಲ್ ಮೊಬೈಲು ಮುಂದೆ ಹಿಡಿದ. ನಿಂಗರಾಜ ತಲೆ ಓರೆ ಮಾಡಿ, ಹಕ್ಕಿ ಕಾಳು ನೋಡುವಂತೆ, ಮೊಬೈಲಿನ ಪಕ್ಕದ ಗಾಳಿಯನ್ನು ನೋಡಿದ. ರಾಹಿಲ್ ಮೊಬೈಲನ್ನು ಒಂದಿಷ್ಟು ಆಚೆ ಸರಿಸಿದ. ನಿಂಗರಾಜನ ಕಣ್ಣು ಅದರ ಹಿಂದೆ ಬರಲಿಲ್ಲ. ರಾಹಿಲ್ ಮೊಬೈಲು ಕೆಳಗಿಟ್ಟುಬಿಟ್ಟ.

"ಯಾವಾಗಿಂದಲೇ?" ಎಂದ ಬಹಳ ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಯಮನಮ್ಮ ಚಹಾದ ತಟ್ಟೆ ಹಿಡಿದು ಬಂದಳು. "ಏನಪಾ ರಾಹಿಲಪ್ಪಾ, ಸಿಕ್ತೇನು ನನ್ನ ಮಗನ ಕಲ್ಲಿನಾಗ ಎಣ್ಣಿ?"

"ಚಾ ಭಾಳ ಚಲೋ ಆಗೇದ ಅಮ್ಮಾ," ಎಂದ ರಾಹಿಲ್, ಇನ್ನೂ ಕುಡಿಯದೆಯೇ.

ಹೋಗುವಾಗ ಅವನು ಗೆಳೆಯನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ನಾ ಸುಳ್ಳು ಬರಿಯಾಕ ಆಗಂಗಿಲ್ಲ ನಿಂಗ್ಯಾ. ನಾಳೆ ಆ ಬಾವಿ ಮ್ಯಾಲ ದುಡಿಯಾವ್ರೂ ಯಾರದೋ ಮಕ್ಕಳು ಅದಾರ." ನಿಂಗರಾಜ ತಲೆಯಾಡಿಸಿದ.

ಬಾಗಿಲು ಹಾಕಿಕೊಂಡು ಯಶೋದಾ ಒಳಗೆ ಬಂದಾಗ ಅವನು ಅದೇ ಜಾಗದಲ್ಲಿ ಕೂತಿದ್ದ.

"ಒಳಗ ಕರ್ರಗಿತ್ತೇನು?" ಎಂದು ಕೇಳಿದ.

"ಹೂನ್ರೀ."

"ನಿನಗ ಗೊತ್ತಿತ್ತೇನು ಅದು ಅರಿಶಿಣ ಅಂತ?"

"ಹೂನ್ರೀ."

ಬೈಯಲಿಲ್ಲ, ಎದ್ದು ಹೋಗಲಿಲ್ಲ, ಯಾರು ಹಚ್ಚಿದರೆಂದೂ ಕೇಳಲಿಲ್ಲ. ಭಂಡಾರ ಹಚ್ಚುವ ಕೈ ಯಾವುದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಚಹಾದ ಲೋಟ ಎಲ್ಲಿದೆಯೆಂದು ನೆಲ ತಡವಿದ. ಅವಳು ಮುಂದೆ ಸರಿಸಿಕೊಡಲು ಬಗ್ಗಿದಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

ಆಮೇಲಿನದು ಬೇಗ ಬೇಗ ಮುಗಿಯಿತು. ರಾಹಿಲನ ವರದಿ ತಲುಪಿದ ಮೇಲೆ ಕಂಪನಿಯವರು ಕಣ್ಣಿನ ತಪಾಸಣೆಯ ಕಾಗದ ಕೇಳಿದರು, ಕೆಲಸ ಬಿಡಿಸಿದರು, ಆಮೇಲೆ ಏನನ್ನೂ ಕೇಳಲಿಲ್ಲ. ಒಂದು ವ್ಯಾನು ಬಂದು ಪೆಟ್ಟಿಗೆಗಳನ್ನೂ ದೀಪವನ್ನೂ ಒಯ್ದಿತು. ಬಾವಿಗೆ ಸಿಮೆಂಟು ಸುರಿದರೆಂದು ರಾಹಿಲ್ ಫೋನಿನಲ್ಲಿ ಹೇಳಿದ. ನಿಂಗರಾಜ ಅಕ್ಷರ ಓದಿ ಹೇಳುವ ಮೊಬೈಲು ಕಲಿತ. ಅದರ ದನಿ ಇಡೀ ದಿನ ಮನೆಯಲ್ಲಿ ಗಡಗಡ ಇಂಗ್ಲಿಷು ಓದುತ್ತಿತ್ತು. ಯಶೋದಾಳನ್ನು ಅವನು ಉಪ್ಪು ಕೂಡ ಕೇಳುತ್ತಿರಲಿಲ್ಲ. ತಾನೇ ಡಬ್ಬಿಗಳನ್ನು ಮೂಸಿ ಹುಡುಕಿಕೊಳ್ಳುತ್ತಿದ್ದ.

ಅಮಾವಾಸ್ಯೆಗೆ ಯಮನಮ್ಮ ಗೂಗಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದಳು. ಮೂವರೂ ರಾಯಚೂರು ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ಬಂದು ನಿಂತಾಗ ಯಶೋದಾ ಫಲಕ ಓದಿ ಬಾಯಿ ತೆರೆಯುವಷ್ಟರಲ್ಲಿ ನಿಂಗರಾಜ ಪಕ್ಕದಲ್ಲಿದ್ದ ಯಾರೋ ಮುದುಕನ ತೋಳು ಮುಟ್ಟಿ, "ಇದು ದೇವದುರ್ಗದ ಬಸ್ಸೇನ್ರಿ ಯಜಮಾನ್ರ?" ಎಂದು ಕೇಳಿದ.

"ಹೌದಪಾ. ಯಾಕ, ಓದಾಕ ಬರಂಗಿಲ್ಲೇನು ನಿನಗ?" ಎಂದ ಮುದುಕ.

"ಇಲ್ರೀ," ಎಂದು ನಿಂಗರಾಜ ಹತ್ತಿದ.

ಗೂಗಲ್ಲಿನಲ್ಲಿ ಯಮನಮ್ಮ ಕಾಯಿ ಒಡೆಸಲು ಅಲ್ಲಮಪ್ರಭುವಿನ ಗುಡಿಯೊಳಗೆ ಹೋದಳು. ಗಂಡ ಹೆಂಡತಿ ಹೊಳೆಯ ದಂಡೆಗೆ ಇಳಿದು ಒಂದು ಬಂಡೆಯ ಮೇಲೆ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಮೋಡ ಕವಿದಿತ್ತು. ಕೃಷ್ಣೆ ಆಚೆ ದಡದ ಕಡೆಗೆ ಸರಿದುಕೊಂಡು ಹರಿಯುತ್ತಿದ್ದಳು. ತೆಪ್ಪವೊಂದು ನಡುಹೊಳೆಯಲ್ಲಿ ನಿಧಾನಕ್ಕೆ ತಿರುಗುತ್ತಿತ್ತು. ನಿಂಗರಾಜ ನೀರಿನ ಸದ್ದಿಗೆ ಮುಖವೊಡ್ಡಿ ಕೂತಿದ್ದ. ಅವನ ಕಣ್ಣು ನೇರ ಹೊಳೆಯ ಮೇಲೇ ಇತ್ತು; ನೇರ ನೋಡಿದರೆ ಅವನಿಗೆ ಏನೂ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ತೆಪ್ಪ ದಡ ಮುಟ್ಟಿತು. ಅದರಲ್ಲಿದ್ದವರು ಇಳಿದು ಹೋದರು.

"ನನಗ ಏನರ ಒಂದು ಕೇಳ್ರಿ," ಎಂದಳು ಯಶೋದಾ. "ಹೊಳ್ಯಾಗ ನೀರು ಎಷ್ಟದ ಅಂತರ ಕೇಳ್ರಿ. ಇದ್ದದ್ದು ಇದ್ದಂಗ ಹೇಳ್ತೀನಿ."